ಮಾನ್ಯತೆ ಪಡೆದ ಬಿಡಾರ: ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಲ್ಲಿ ವಿದ್ಯಾರ್ಥಿಗಳ ಬಾಡಿಗೆಮನೆ

ವಿಶ್ವವಿದ್ಯಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪಾಠಪ್ರವಚನಗಳನ್ನೂ ಪದವಿಗಳನ್ನೂ ತತ್ತ್ವವಾದಗಳನ್ನೂ ಕುರಿತು ವಿಸ್ತಾರವಾಗಿ ಹೇಳುತ್ತಾರೆ. ವಿದ್ಯಾರ್ಥಿಯು ರಾತ್ರಿ ಎಲ್ಲಿ ತಂಗುತ್ತಿದ್ದನು, ಆ ಮನೆಗೆ ಎಷ್ಟು ಬಾಡಿಗೆ ತೆರುತ್ತಿದ್ದನು ಎಂಬ ವಿಷಯವು ಅಡಿಟಿಪ್ಪಣಿಯ ಪಾಲಾಗುವುದೇ ಹೆಚ್ಚು. ಆದರೆ ಮಧ್ಯಯುಗದ ಯೂರೋಪಿನಲ್ಲಿ ವಿಶ್ವವಿದ್ಯಾಲಯವೆಂಬುದು ಸ್ವಂತ ಕಟ್ಟಡವಿಲ್ಲದೆ ಹುಟ್ಟಿದ ಸಂಸ್ಥೆ. ಗುರುಗಳು ಬಾಡಿಗೆಯ ಕೊಠಡಿಯಲ್ಲಿ ಪಾಠ ಹೇಳುತ್ತಿದ್ದರು, ಶಿಷ್ಯರು ಬಾಡಿಗೆಯ ಮನೆಯಲ್ಲಿ ವಾಸಿಸುತ್ತಿದ್ದರು. ಆದುದರಿಂದ ಅದು ಮೊದಮೊದಲು ಕೈಹಾಕಿದ ವ್ಯವಹಾರಗಳಲ್ಲಿ ಮನೆಬಾಡಿಗೆಯ ನಿಯಂತ್ರಣವೂ ಒಂದಾದುದು ಸಹಜವೇ ಆಗಿದೆ.

ನಮ್ಮ ನಾಡಿನ ಸ್ಥಿತಿ ಬೇರೆಯಾಗಿದ್ದಿತು. ಕ್ರಿ.ಶ. 1058ರ ನಾಗಾವಿಯ ಶಾಸನದಲ್ಲಿ ಉಕ್ತವಾಗಿರುವ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ 200 ಮಂದಿ ವಿದ್ಯಾರ್ಥಿಗಳ ನಿರ್ವಾಹವು ದತ್ತಿಯಿಂದ ನಡೆಯುತ್ತಿದ್ದಿತು. ದತ್ತಿಯ ಆಶ್ರಯವಿದ್ದಲ್ಲಿ ಬಾಡಿಗೆಯ ಜಗಳಕ್ಕೆ ಆಸ್ಪದ ಕಡಮೆ. ಬೊಲೋನ್ಯ, ಪ್ಯಾರಿಸ್, ಆಕ್ಸ್‌ಫರ್ಡ್‌ಗಳಿಗೆ ಬಂದ ಸಾಮಾನ್ಯ ವಿದ್ಯಾರ್ಥಿಯು ಪರದೇಶಿ, ಪರವೂರಿನವನು. ಊರಿನವರು ಕೇಳಿದಷ್ಟು ಕೊಡಬೇಕಾಗಿದ್ದವನು. ಒಬ್ಬ ವಿದ್ಯಾರ್ಥಿಯಿರುವ ಮನೆಗೆ ಮತ್ತೊಬ್ಬನು ಹೆಚ್ಚು ಬಾಡಿಗೆ ಕೊಡುವೆನೆಂದು ಮುಂದೆ ಬರುವುದೂ ಉಂಟಾಗಿದ್ದಿತು. ಅವಧಿ ಮುಗಿಯುವ ಮುನ್ನ ಹೀಗೆ ಬಾಡಿಗೆ ಏರಿಸಿ ಇನ್ನೊಬ್ಬರ ಮನೆಯನ್ನು ಸೆಳೆದುಕೊಳ್ಳಕೂಡದೆಂದು ಪೋಪ್ ಮೂರನೆಯ ಕ್ಲೆಮೆಂಟನು 1189ರಲ್ಲಿ ಬೊಲೋನ್ಯದ ಗುರುಶಿಷ್ಯರಿಗೆ ಅಪ್ಪಣೆ ಮಾಡಿದನು. ನಿಷೇಧವು ಮನೆಯೊಡೆಯರ ಮೇಲಲ್ಲ, ವಿದ್ಯಾವಂತರ ಮೇಲೆಯೇ ಎಂಬುದನ್ನು ಓದುಗರು ಗಮನಿಸಬೇಕು.

ಆಕ್ಸ್‌ಫರ್ಡಿನಲ್ಲಿ ಈ ವಿಚಾರವು ರಕ್ತಪಾತದೊಡನೆ ಬೆರೆತುಕೊಂಡಿದೆ. 1209ರಲ್ಲಿ ಅಲ್ಲಿನ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಊರಿನ ಹೆಂಗಸೊಬ್ಬಳು ಸತ್ತಳು, ಅವನು ಓಡಿಹೋದನು. ಊರಿನವರು ಅವನ ಬಿಡಾರಕ್ಕೆ ನುಗ್ಗಿ, ಅವನೊಡನೆ ಅದೇ ಮನೆಯನ್ನು ಬಾಡಿಗೆಗೆ ಹಿಡಿದಿದ್ದ ಸಹವಾಸಿಗಳನ್ನು ಸೆರೆಹಿಡಿದರು. ಜಾನ್ ದೊರೆಯ ಸಮ್ಮತಿಯಿಂದ ಅವರನ್ನು ಗಲ್ಲಿಗೇರಿಸಿದರು. ಸತ್ತವರು ಇಬ್ಬರೆಂದೂ ಮೂವರೆಂದೂ ಆಧಾರಗಳಲ್ಲಿ ಭಿನ್ನತೆಯಿದೆ. ಅವರ ವಿರುದ್ಧ ತೋರಬಹುದಾಗಿದ್ದ ಅಪರಾಧವೆಂದರೆ ಒಂದೇ ಮಾಡಿನ ಕೆಳಗೆ ಪಾಲು ಬಾಡಿಗೆ ಕೊಟ್ಟು ಇದ್ದುದು, ಅಷ್ಟೆ. ಗುರುಶಿಷ್ಯರು ಊರನ್ನು ತೊರೆದರು. ಕೆಲವರು ಕೇಂಬ್ರಿಜಿಗೆ ಹೋದುದೇ ಆ ವಿಶ್ವವಿದ್ಯಾಲಯದ ಆರಂಭವೆಂಬುದು ಪ್ರಸಿದ್ಧವಾಗಿದೆ. ಬಿಡಾರಗಳು ಬರಿದಾದ ಊರಿಗೆ ಆದ ನಷ್ಟವನ್ನು ಊಹಿಸಬಹುದು.

ಜಾನ್ ದೊರೆಯು 1213ರಲ್ಲಿ ಪೋಪನಿಗೆ ಶರಣಾದ ಮೇಲೆ ಆಕ್ಸ್‌ಫರ್ಡಿನ ಪೌರರೂ ತಲೆಬಾಗಬೇಕಾಯಿತು. ಪೋಪನ ಪ್ರತಿನಿಧಿಯಾದ ಟಸ್ಕ್ಯುಲಮ್ಮಿನ ನಿಕೊಲಸನು 1214ರಲ್ಲಿ ವಿಧಿಸಿದ ತೀರ್ಪು ನಮ್ಮ ವಿಷಯಕ್ಕೆ ಮೂಲಪತ್ರವೆನ್ನಬಹುದು. ವಲಸೆಗೆ ಮುನ್ನ ಗುರುಗಳೂ ಪೌರರೂ ಕೂಡಿ ಬಾಡಿಗೆ ಗೊತ್ತುಮಾಡಿದ್ದ ಮನೆಗಳಿಗೆ ಹತ್ತು ವರ್ಷ ಅರ್ಧ ಬಾಡಿಗೆ; ಅನಂತರ ಹತ್ತು ವರ್ಷ ಹಿಂದಿನ ಪೂರ್ಣ ಬಾಡಿಗೆ, ಅದಕ್ಕೆ ಹೆಚ್ಚಿಲ್ಲ. ಬೆಲೆಕಟ್ಟದಿದ್ದ ಮನೆಗಳಿಗೂ ಹೊಸದಾಗಿ ಕಟ್ಟಿದವಕ್ಕೂ ನಾಲ್ವರು ಗುರುಗಳು, ನಾಲ್ವರು ಪೌರರು ಕೂಡಿ ಬಾಡಿಗೆ ನಿಗದಿಮಾಡಬೇಕು. ಬಡ ವಿದ್ಯಾರ್ಥಿಗಳಿಗಾಗಿ ಊರು ವರ್ಷಕ್ಕೆ 52 ಷಿಲ್ಲಿಂಗ್ ಕೊಡಬೇಕು. ಸಂತ ನಿಕೊಲಸನ ಹಬ್ಬದಂದು 100 ಮಂದಿ ಬಡವರಿಗೆ ಊಟವಿಕ್ಕಬೇಕು. ವಲಸೆಗೆ ಮುನ್ನವೇ ಇಬ್ಬದಿಯವರೂ ಕೂಡಿ ಬಾಡಿಗೆ ಕಟ್ಟಿದ ಮನೆಗಳು ಇದ್ದುವೆಂಬುದು ಈ ತೀರ್ಪಿನಿಂದಲೇ ಸಿದ್ಧವಾಗುತ್ತದೆ. ಹಾಗಿರುವಲ್ಲಿ ಪದ್ಧತಿಯು ಹತ್ಯೆಯಿಂದ ಹುಟ್ಟಿತೆನ್ನುವುದು ಸರಿಯಲ್ಲ. ಹತ್ಯೆಯಿಂದ ಅದಕ್ಕೆ ಶಾಸನದ ಬಲ ಬಂದಿತೆನ್ನಬೇಕು.

ಮುಂದಿನ ಬೆಳವಣಿಗೆಯು ತ್ವರಿತವಾಗಿದೆ. 1231ರಲ್ಲಿ ಮೂರನೆಯ ಹೆನ್ರಿಯು ಕೇಂಬ್ರಿಜಿನಲ್ಲಿ ಇಬ್ಬರು ಗುರುಗಳೂ ಇಬ್ಬರು ಪೌರರೂ ಬಾಡಿಗೆ ಕಟ್ಟಬೇಕೆಂದು ಆಜ್ಞಾಪಿಸಿದನು. ಅದೇ ವರ್ಷ ಪೋಪ್ ಒಂಬತ್ತನೆಯ ಗ್ರೆಗರಿಯು ಪ್ಯಾರಿಸಿಗೆ ಕೊಟ್ಟ ಸನ್ನದಿನಲ್ಲಿ, ಬಿಡಾರಗಳ ಬಾಡಿಗೆ ಕಟ್ಟುವ ಹಕ್ಕನ್ನು ಕಸಿದುಕೊಂಡರೆ ಪಾಠಗಳನ್ನೇ ನಿಲ್ಲಿಸುವ ಅಧಿಕಾರವನ್ನು ಗುರುಗಳಿಗೆ ಒಪ್ಪಿಸಿದನು.

ಮನೆಯು ವಿದ್ಯಾರ್ಥಿನಿಲಯವೆಂದು ಅಂಗೀಕೃತವಾಗುತ್ತಿದ್ದ ಬಗೆಯನ್ನು ಕೇಂಬ್ರಿಜಿನ ಹಳೆಯ ನಿಯಮಗಳು ಸ್ಪಷ್ಟವಾಗಿ ತಿಳಿಸುತ್ತವೆ. ನಿಲಯದ ಹೊಣೆ ಹೊರಲು ಬಯಸುವವನು ಸಂತ ಬಾರ್ನಬಸನ ದಿನದಿಂದ, ಎಂದರೆ ಜೂನ್ 11ರಿಂದ, ಸೆಪ್ಟೆಂಬರ್ 8ರ ಕನ್ಯಾಮರಿಯ ಜನ್ಮದಿನದೊಳಗೆ ಮನೆಯೊಡೆಯನ ಬಳಿಗೆ ಹೋಗಿ ಈಡನ್ನು ಒಡ್ಡಬೇಕು. ಈಡೆಂದರೆ ಇಬ್ಬರು ಜಾಮೀನುದಾರರು, ಇಲ್ಲವೆ ಪುಸ್ತಕಗಳಂತಹ ಒತ್ತೆಯ ವಸ್ತು. ಒಡೆಯನು ಒಪ್ಪಿದರೆ ಸರಿ. ಒಪ್ಪದಿದ್ದರೆ ಅವನು ಚಾನ್ಸಲರನ ಮುಂದೆ ಅದೇ ಈಡನ್ನು ಒಡ್ಡುವನು, ಚಾನ್ಸಲರನು ಒಡೆಯನ ಇಷ್ಟಕ್ಕೆ ವಿರುದ್ಧವಾಗಿಯಾದರೂ ಅವನಿಗೆ ಮನೆಯ ಆಡಳಿತವನ್ನು ವಹಿಸುವನು. ಹೀಗೆ ಹೊಣೆಯಾದವನಿಗೆ ಪ್ರಿನ್ಸಿಪಾಲನೆಂದು ಹೆಸರು. ಇಂದು ನಮ್ಮ ಕಾಲೇಜುಗಳ ಮುಖ್ಯಸ್ಥರು ಗೌರವದಿಂದ ಧರಿಸಿರುವ ಈ ಹೆಸರು ಅಂದು ಬಾಡಿಗೆಗೆ ಹೊಣೆ ನಿಂತವನ ಹೆಸರಾಗಿದ್ದಿತು!

ಇಂದಿನ ಕ್ರಮದಲ್ಲಿ ಮಾನ್ಯತೆಯನ್ನು ಬೇಡಿ ಬರುವವನು ಮನೆಯೊಡೆಯ. ಅಂದು ಮನೆಯನ್ನು ಪಟ್ಟಿಗೆ ಸೇರಿಸುತ್ತಿದ್ದವನು ಬಾಡಿಗೆದಾರ. ಆಕ್ಸ್‌ಫರ್ಡಿನಲ್ಲಿ, ಒಮ್ಮೆ ವಿದ್ಯಾರ್ಥಿಗಳು ವಾಸಿಸಿದ ಮನೆಯನ್ನು ಒಡೆಯನು ತಾನೇ ವಾಸಕ್ಕೆ ಬಯಸಿದಲ್ಲದೆ ಸುಲಭವಾಗಿ ಅನ್ಯರಿಗೆ ಕೊಡುವಂತಿರಲಿಲ್ಲ. ಒಡೆಯರ ಪಾಲಿಗೆ ಇದು ಕಠಿನವಾಗಿಯೇ ಇದ್ದಿರಬೇಕು. ಹೆಚ್ಚು ಹಣ ಕೊಡುವ ವರ್ತಕನು ಬಾಗಿಲಲ್ಲಿ ನಿಂತಿದ್ದರೂ, ನಾಲ್ಕು ಜನ ಕಟ್ಟಿದ ಬಾಡಿಗೆಗೆ ತೃಪ್ತನಾಗಬೇಕಾದವನ ಮಾತನ್ನು ಉಳಿಸಿದ ದಾಖಲೆಗಳು ವಿರಳ. ವಿಶ್ವವಿದ್ಯಾಲಯದ ಕಡತಗಳನ್ನು ಬರೆದವರು ವಿಶ್ವವಿದ್ಯಾಲಯದವರೇ ಅಲ್ಲವೆ?

ಹದಿನೈದನೆಯ ಶತಮಾನದಲ್ಲಿ ಉದ್ದೇಶವು ಮಾರ್ಪಟ್ಟಿತು. ಪೌರರ ಮನೆಗಳಲ್ಲಿ ಒಂಟಿಯಾಗಿದ್ದುಕೊಂಡು ಹಗಲು ಮಲಗಿ ಇರುಳು ಸೇಂದಿಯಂಗಡಿಗಳಲ್ಲಿ ಅಲೆಯುವವರ ಮೇಲೆ ಆಕ್ಸ್‌ಫರ್ಡು ದೂರು ಹೊರಿಸಿತು. ಎಲ್ಲರೂ ಪ್ರಿನ್ಸಿಪಾಲರ ಅಧೀನದಲ್ಲಿ ವಾಸಿಸಬೇಕೆಂಬ ಕಟ್ಟಳೆಯನ್ನು 1421ರಲ್ಲಿ ಐದನೆಯ ಹೆನ್ರಿಯ ಆಜ್ಞೆಯು ದೃಢಪಡಿಸಿತು. ಅಲ್ಲಿಯವರೆಗೆ ಪಟ್ಟಿಯು ವಿದ್ಯಾರ್ಥಿಯನ್ನು ಒಡೆಯನಿಂದ ಕಾಪಾಡುತ್ತಿದ್ದಿತು. ಇನ್ನು ಮೇಲೆ ವಿದ್ಯಾರ್ಥಿಯನ್ನೇ ಕಾಯತೊಡಗಿತು. ದತ್ತಿಯುಳ್ಳ ಕಾಲೇಜುಗಳು ಬೆಳೆದಂತೆ ಬಾಡಿಗೆಯ ನಿಲಯಗಳು ಕ್ಷೀಣಿಸಿ, ಹದಿನಾರನೆಯ ಶತಮಾನದ ನಡುವೆ ಎಂಟೇ ಉಳಿದುವು. ಅವುಗಳಲ್ಲಿ ಕೊನೆಯದಾದ ಸೇಂಟ್ ಎಡ್ಮಂಡ್ ಹಾಲ್ 1957ರಲ್ಲಿ ಕಾಲೇಜಾಯಿತು.

ಕಾಲೇಜಿನ ವೆಚ್ಚವನ್ನು ಭರಿಸಲಾರದವರಿಗೆಂದು 1868ರಲ್ಲಿ ಆಕ್ಸ್‌ಫರ್ಡು ಮತ್ತೆ ಊರಿನ ಬಿಡಾರಗಳ ಬಾಗಿಲನ್ನು ತೆರೆಯಿತು. ಆದರೆ ಪರವಾನಗಿ ಪಡೆದ ಮನೆಗಳಲ್ಲಿ ಮಾತ್ರ. ಈ ಪರವಾನಗಿಗಾಗಿ ಮನೆಯೊಡೆಯರೇ ಅರ್ಜಿ ಹಾಕಬೇಕಾಯಿತು; ರಾತ್ರಿ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವುದು, ತಡವಾಗಿ ಬಂದವರ ವಿಚಾರವನ್ನು ಅಧಿಕಾರಿಗಳಿಗೆ ತಿಳಿಸುವುದು ಅವರ ಕರ್ತವ್ಯಗಳಲ್ಲಿ ಸೇರಿದುವು. ಸುಮಾರು ಆರೂವರೆ ಶತಮಾನಗಳ ಹಿಂದೆ ವಿಶ್ವವಿದ್ಯಾಲಯದ ಎದುರಾಳಿಯಾಗಿದ್ದ ಮನೆಯೊಡೆಯನು ಈಗ ಅದರ ಕಾವಲುಗಾರನಾದನು.

ಈ ರೂಪದಲ್ಲಿಯೇ ಪದ್ಧತಿಯು ಭಾರತಕ್ಕೆ ಬಂದಿತು. 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆಯು, ಸಂಯೋಜನೆ ಬಯಸುವ ಕಾಲೇಜು, ತಂದೆತಾಯಿ ಅಥವಾ ಪೋಷಕರೊಡನಿಲ್ಲದ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಾಗಲಿ ಅದು ಒಪ್ಪಿದ ಬಿಡಾರಗಳಲ್ಲಾಗಲಿ ವಾಸದ ಏರ್ಪಾಡು ಮಾಡಬೇಕೆಂದು ವಿಧಿಸಿತು. 1916ರವರೆಗೆ ಮದರಾಸಿಗೆ ಸೇರಿದ್ದ ಮೈಸೂರಿನ ಮಹಾರಾಜಾ ಕಾಲೇಜಿನಂತಹವೂ, 1917ರಲ್ಲಿ ಮುಂಬಯಿಗೆ ಸೇರಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜೂ ಈ ಕಾಯಿದೆಗೆ ಒಳಪಟ್ಟ ವಿಶ್ವವಿದ್ಯಾಲಯಗಳ ಆಶ್ರಯದಲ್ಲಿದ್ದುವು. ಆ ಕಲಮಿನಲ್ಲಿ ವಿದ್ಯಾರ್ಥಿಗಳ ಮೇಲ್ವಿಚಾರಣೆಯ ಮಾತಿದೆ, ದೇಹಸ್ವಾಸ್ಥ್ಯದ ಮಾತಿದೆ. 1214ರ ತೀರ್ಪಿನಲ್ಲಿ ಮುಖ್ಯವಾಗಿದ್ದ ಬಾಡಿಗೆಯ ಮಾತು ಮಾತ್ರ ಇಲ್ಲ.