ಕುಕೀಕಟರ್ ಶಾರ್ಕ್

ಬೆಚ್ಚನೆಯ ಮಹಾಸಾಗರಗಳ ಆಳದಲ್ಲಿ ಬದುಕುವ ಸಣ್ಣ ಶಾರ್ಕ್. ವೈಜ್ಞಾನಿಕ ಹೆಸರು ಇಸಿಸ್ಟಿಯಸ್ ಬ್ರೆಸಿಲಿಯೆನ್ಸಿಸ್. ಗಂಡು ಸುಮಾರು 42 ಸೆಂ.ಮೀ., ಹೆಣ್ಣು 56 ಸೆಂ.ಮೀ.ವರೆಗೆ ಬೆಳೆಯುತ್ತದೆ. ಚುಟ್ಟಾದಂತೆ ದುಂಡಗೆ ನೀಳವಾದ ಕಂದು ಮೈ, ಮೊಂಡು ಮೂತಿ, ದೊಡ್ಡ ಕಣ್ಣು, ಬಾಲದ ಕಡೆಗೆ ಸರಿದ ಎರಡು ಪುಟ್ಟ ಬೆನ್ನಿನ ಈಜುರೆಕ್ಕೆ, ಕಿವಿರುಗಳ ಸುತ್ತ ಕಪ್ಪು ಪಟ್ಟಿ ಇದರ ಗುರುತುಗಳು.

ವರ್ಗೀಕರಣ

ಸ್ಕ್ವಾಲಿಫಾರ್ಮೀಸ್ ಗಣ, ಡಲೇಟಿಯಿಡೇ ಕುಟುಂಬ. ಯುರಾನಿ ಹಡಗಿನ ಯಾನದಲ್ಲಿ (1817–20) ಬ್ರೆಜಿಲ್ ಬಳಿ ಸಿಕ್ಕಿದ ಮೀನನ್ನು ಫ್ರೆಂಚ್ ನಿಸರ್ಗವಿಜ್ಞಾನಿಗಳಾದ ಕ್ವಾ ಮತ್ತು ಗೆಮಾರ್ 1824ರಲ್ಲಿ ವರ್ಣಿಸಿ ಸ್ಕಿಮ್ನಸ್ ಜಾತಿಗೆ ಸೇರಿಸಿದರು. ಇಸಿಸ್ಟಿಯಸ್ ಜಾತಿಯನ್ನು ರೂಪಿಸಿದವರು ಅಮೆರಿಕದ ಥಿಯೊಡೋರ್ ಗಿಲ್. ಇದೇ ಜಾತಿಯ ಪ್ಲುಟೋಡಸ್ ಪ್ರಭೇದವನ್ನು ಗ್ಯಾರಿಕ್ ಮತ್ತು ಸ್ಪ್ರಿಂಗರ್ 1964ರಲ್ಲಿ ಬೇರ್ಪಡಿಸಿದರು. ಅದರ ಕೆಳಹಲ್ಲುಗಳು ದೊಡ್ಡವು, ಸಂಖ್ಯೆಯಲ್ಲಿ ಕಡಿಮೆ. ದಕ್ಷಿಣ ಚೀನಾ ಸಮುದ್ರದಿಂದ ವರದಿಯಾದ ಲೇಬಿಯಾಲಿಸ್ ಪ್ರಾಯಶಃ ಪ್ರತ್ಯೇಕ ಪ್ರಭೇದವಲ್ಲ.

ಹಲ್ಲು ಮತ್ತು ಕಡಿತ

ಈ ಶಾರ್ಕನ್ನು ಅರಿಯುವ ದಾರಿ ಅದರ ಬಾಯಿಯೇ. ಮೇಲ್ದವಡೆಯಲ್ಲಿ ಸೂಜಿಯಂಥ ಕಿರುಹಲ್ಲುಗಳ 30–37 ಸಾಲು, ಕೆಳಗೆ ತ್ರಿಕೋನಾಕಾರದ ಅಲಗುಗಳ 25–31 ಸಾಲು. ಕೆಳಹಲ್ಲುಗಳ ಬುಡ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಇಡೀ ಪಂಕ್ತಿ ಒಂದೇ ಗರಗಸವಾಗಿ ಕೆಲಸ ಮಾಡುತ್ತದೆ, ಸವೆದಾಗ ಒಟ್ಟಿಗೇ ಉದುರುತ್ತದೆ. ಉದುರಿದ ಪಂಕ್ತಿಯನ್ನು ಶಾರ್ಕ್ ನುಂಗುತ್ತದೆ; ಅದರ ಕ್ಯಾಲ್ಸಿಯಂ ಮರಳಿ ದೇಹಕ್ಕೆ ಒದಗುತ್ತಿರಬಹುದು. ದಪ್ಪ ತುಟಿಗಳನ್ನು ಬೇಟೆಯ ಮೈಗೆ ಒತ್ತಿ, ನಾಲಗೆಯನ್ನು ಹಿಂದಕ್ಕೆಳೆದು ಬಾಯೊಳಗೆ ನಿರ್ವಾತ ಉಂಟುಮಾಡಿ ಅಂಟಿಕೊಳ್ಳುತ್ತದೆ. ಮೇಲಿನ ಹಲ್ಲು ನಾಟಿ ಹಿಡಿದಿರುವಾಗ ಕೆಳಗಿನವು ಒಳಹೊಗುತ್ತವೆ. ಶಾರ್ಕ್ ಮೈ ತಿರುಚಿದರೆ ಮಾಂಸದ ಗುಂಡನೆಯ ತುಣುಕು ಬಾಯಿಗೆ ಬರುತ್ತದೆ. ಈ ವಿವರಣೆಯಲ್ಲಿ ಕಣ್ಣಾರೆ ಕಂಡದ್ದಕ್ಕಿಂತ ಅಂಗರಚನೆಯಿಂದ ಊಹಿಸಿದ್ದೇ ಹೆಚ್ಚು. ಉಳಿಯುವ ಗಾಯ ಸುಮಾರು 5 ಸೆಂ.ಮೀ. ಅಗಲದ ಕುಳಿ, ಅಂಚು ಅಚ್ಚರಿಪಡುವಷ್ಟು ನಯ.

ಟ್ಯೂನಾ, ಡಾಲ್ಫಿನ್, ತಿಮಿಂಗಿಲಗಳ ಮೇಲಿನ ಇಂಥ ಕುಳಿಗಳಿಗೆ ಬ್ಯಾಕ್ಟೀರಿಯಾ, ಪರೋಪಜೀವಿ, ಲ್ಯಾಂಪ್ರೆ ಮೀನುಗಳು ಕಾರಣವೆಂದು ದೀರ್ಘಕಾಲ ಭಾವಿಸಲಾಗಿತ್ತು. 1971ರಲ್ಲಿ ಎವರೆಟ್ ಜೋನ್ಸ್ ಇದು ಬಹುಶಃ ಈ ಶಾರ್ಕಿನ ಕೆಲಸವೆಂದು ತೋರಿಸಿದರು. ಅದೇ ದಶಕದಲ್ಲಿ ಅಮೆರಿಕದ ಜಲಾಂತರ್ಗಾಮಿಗಳ ಸೋನಾರ್ ಗುಮ್ಮಟದ ರಬ್ಬರ್ ಹೊದಿಕೆಯನ್ನೂ ಇವು ಕಡಿದು, ಒಳಗಿನ ಎಣ್ಣೆ ಸೋರುವಂತೆ ಮಾಡಿದ್ದವು. ಈ ಖ್ಯಾತಿಯ ಭರದಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗಬಾರದು: ಮಧ್ಯ ಪೆಸಿಫಿಕ್‌ನ ಮಾದರಿಗಳ ರಾಸಾಯನಿಕ ವಿಶ್ಲೇಷಣೆ (2021) ಪ್ರಕಾರ ದೊಡ್ಡ ಪ್ರಾಣಿಗಳ ಮಾಂಸ ಇದರ ಆಹಾರದ ಅಲ್ಪಭಾಗವಷ್ಟೆ, ಹೆಚ್ಚಿನದು ಮಧ್ಯಮ ಆಳದ ಸಣ್ಣ ಜೀವಿಗಳು.

ಜೀವನಕ್ರಮ

ಹಗಲು 1,000 ಮೀಟರಿಗಿಂತ ಕೆಳಗಿದ್ದು, ರಾತ್ರಿ ಮೇಲ್ಮೈಯತ್ತ ಏರುತ್ತದೆ. ಎಣ್ಣೆ ತುಂಬಿದ ದೊಡ್ಡ ಯಕೃತ್ತು ತೇಲಲು ನೆರವಾಗುತ್ತದೆ. ಹೊಟ್ಟೆಯ ಭಾಗ ಹಸಿರಾಗಿ ಬೆಳಗಿ, ಮೇಲಿನ ಬೆಳಕಿನಲ್ಲಿ ನೆರಳು ಕರಗಿಹೋಗುತ್ತದೆ. ಬೆಳಗದ ಕಪ್ಪು ಪಟ್ಟಿ ಮಾತ್ರ ಕೆಳಗಿನಿಂದ ನೋಡುವ ಬೇಟೆಗಾರನಿಗೆ ಪುಟ್ಟ ಮೀನಿನಂತೆ ಕಂಡು ಸೆಳೆಯುತ್ತದೆ ಎಂಬುದು ಎಡಿತ್ ವಿಡರ್ 1998ರಲ್ಲಿ ಮಂಡಿಸಿದ ಊಹೆ. ಮೊಟ್ಟೆ ತಾಯಿಯ ಒಡಲಲ್ಲೇ ಒಡೆದು 6–12 ಮರಿಗಳು ಹುಟ್ಟುತ್ತವೆ. ಮೀನುಗಾರರು ಇದನ್ನು ಅರಸಿ ಹಿಡಿಯುವುದಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಕನಿಷ್ಠ ಆತಂಕದ ಪ್ರಭೇದ.