ಪ್ರಾಸ ಬಿಟ್ಟ ಗೋವಿಂದ ಪೈಗಳು

ನಮ್ಮ ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಕವಿಯಾದದ್ದು ಕನ್ನಡದಲ್ಲಿ. ಆಗ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕಿತ್ತು. ಶತಮಾನಗಳಿಂದ ಬಂದ ಈ ಪ್ರಾಸದಲ್ಲಿ ಪೈಗಳೂ ಪಳಗಿದವರೇ. ಆದರೂ 1911ರಲ್ಲಿ ಅದನ್ನು ಕೈಬಿಟ್ಟರು. ಸಂಪ್ರದಾಯಸ್ಥರು ಆಕ್ಷೇಪಿಸಿದರೂ ಹಿಂದೆಗೆಯಲಿಲ್ಲ. ಪ್ರಾಸಕ್ಕಾಗಿ ಪದ ಹುಡುಕುವುದು ತಪ್ಪಿತು, ಭಾವಕ್ಕೆ ತಕ್ಕ ಪದ ಇಡಲು ಸಾಧ್ಯವಾಯಿತು. ಹೊಸಗನ್ನಡ ಕವಿತೆಗೆ ದಾರಿ ತೆರೆಯಿತು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮಲಯಾಳ ಕಲಿತರೆ ಕನ್ನಡ ಹೋದೀತೆಂಬ ಅಂಜಿಕೆ ನಮ್ಮಲ್ಲಿ ಇಂದಿಗೂ ಇದೆ. ಪೈಗಳು ಹಲವು ಭಾಷೆ ಕಲಿತರು. ಅವರ ಕನ್ನಡ ಹೋಗಲಿಲ್ಲ, ಬೆಳೆಯಿತು. ಮಕ್ಕಳೇ, ಕನ್ನಡ ಬಿಡದೆ ಇನ್ನೊಂದನ್ನೂ ಕಲಿಯೋಣ.