ಬಯಲುಸೀಮೆಯ ಬೇಟೆನಾಯಿ: ತಳಿ, ಕೆಲಸದ ಗುಣ ಮತ್ತು ಕಾನೂನು

ಕಲಬುರಗಿ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆ ಬಯಲಿನಲ್ಲಿ ತೊಗರಿ, ಜೋಳದ ರಾಶಿ ಮುಗಿದ ಬಳಿಕ ಕಣ್ಣಿಗೆ ಅಡ್ಡವಾಗುವ ಮರೆ ಕಡಿಮೆ. ಮೊಲವಾಗಲಿ, ಕೃಷ್ಣಮೃಗವಾಗಲಿ ಬಲು ದೂರದಿಂದಲೇ ಕಾಣುತ್ತದೆ. ಇಂತಹ ನೆಲದಲ್ಲಿ ಬೇಟೆಗಾರನಿಗೆ ಬೇಕಿದ್ದುದು ಮೂಸಿ ಪೊದೆ ಹುಡುಕುವ ನಾಯಿಯಲ್ಲ, ಕಂಡದ್ದನ್ನು ಓಡಿ ಹಿಡಿಯುವ ನಾಯಿ. ಮುಧೋಳ ನಾಯಿಯ ಮೈಕಟ್ಟು ರೂಪುಗೊಂಡದ್ದು ಇಂಥ ದಖ್ಖನ್ ಬಯಲಿಗಾಗಿಯೇ. ಇಂದು ಬೇಟೆ ಅಪರಾಧ. ಆದರೆ ನಾಯಿಯ ಸ್ವಭಾವ ಕಾನೂನಿನೊಂದಿಗೆ ಬದಲಾಗಿಲ್ಲ. ತಳಿಯ ಗುಣವನ್ನು ಅರಿಯದೆ ಸಾಕುವವರು ತಾವೂ ತೊಂದರೆಗೆ ಸಿಲುಕುತ್ತಾರೆ, ನಾಯಿಯನ್ನೂ ಕೆಡಿಸುತ್ತಾರೆ.

ನೋಟದ ನಾಯಿ, ಮೂಗಿನ ನಾಯಿ

ಬೇಟೆನಾಯಿಗಳನ್ನು ಕೆಲಸಕ್ಕೆ ಅನುಗುಣವಾಗಿ ಕೆಲವು ಗುಂಪುಗಳಾಗಿ ವಿಂಗಡಿಸುವುದುಂಟು. ಮುಧೋಳ, ಗ್ರೇಹೌಂಡ್, ಸಲೂಕಿ ಮೊದಲಾದವು ನೋಟದಿಂದ ಬೇಟೆಯಾಡುವ ತಳಿಗಳು. ಉದ್ದವಾದ ಕಿರಿದು ತಲೆ, ಆಳವಾದ ಎದೆ, ಒಳಸರಿದ ಹೊಟ್ಟೆ ಮತ್ತು ನೀಳ ಕಾಲುಗಳು ಇವುಗಳ ಲಕ್ಷಣ. ಪೂರ್ಣ ವೇಗದಲ್ಲಿ ಓಡುವಾಗ ಪ್ರತಿ ದಾಪಿನಲ್ಲಿ ಎರಡು ಬಾರಿ ನಾಲ್ಕೂ ಕಾಲುಗಳು ನೆಲ ಬಿಟ್ಟಿರುತ್ತವೆ. ಮೊಲ ಥಟ್ಟನೆ ತಿರುಗಿದಾಗ ನಾಯಿಯ ನೀಳ ಬಾಲವು ದೋಣಿಯ ಚುಕ್ಕಾಣಿಯಂತೆ ಸಮತೋಲನ ಕಾಯುತ್ತದೆ. ಈ ತಳಿಗಳು ಓಡುವಾಗ ಬಹುಮಟ್ಟಿಗೆ ಬೊಗಳುವುದಿಲ್ಲ.

ಬೀಗಲ್, ಬ್ಲಡ್‌ಹೌಂಡ್‌ಗಳು ಇದಕ್ಕೆ ವಿರುದ್ಧ. ಅವು ನೆಲಕ್ಕೆ ಮೂಗು ಹಚ್ಚಿ, ಪ್ರಾಣಿ ಕಾಣದಿದ್ದರೂ ಅದರ ಜಾಡನ್ನು ತಾಳ್ಮೆಯಿಂದ ಅನುಸರಿಸುತ್ತವೆ. ಬೀಗಲ್ ಜಾಡು ಸಿಕ್ಕಾಗ ಗಟ್ಟಿಯಾಗಿ ಕೂಗಿ ಒಡೆಯನಿಗೆ ತಿಳಿಸುತ್ತದೆ. ಪಾಯಿಂಟರ್ ಹಕ್ಕಿ ಅಡಗಿದ ಕಡೆಗೆ ಮುಖಮಾಡಿ ಕಂಬದಂತೆ ನಿಲ್ಲುತ್ತದೆ. ಲ್ಯಾಬ್ರಡಾರ್ ಗುಂಡೇಟಿಗೆ ಬಿದ್ದ ಬಾತುಕೋಳಿಯನ್ನು ಹಲ್ಲು ತಾಗಿಸದೆ ಎತ್ತಿ ತರುವ ನಾಯಿ. ಗಿಡ್ಡ ಕಾಲಿನ ಡ್ಯಾಶ್‌ಹೌಂಡ್ ಅನ್ನು ಜರ್ಮನಿಯಲ್ಲಿ ಬಿಲಕ್ಕೆ ನುಗ್ಗುವುದಕ್ಕಾಗಿಯೇ ಬೆಳೆಸಲಾಯಿತು. ನಗರದ ಮನೆಗಳಲ್ಲಿ ಮುದ್ದಿನ ನಾಯಿಗಳೆನಿಸಿರುವ ಇವುಗಳ ಅಗೆಯುವ, ಕಚ್ಚಿ ತರುವ, ಕೂಗುವ ಅಭ್ಯಾಸಗಳು ಹಳೆಯ ಕೆಲಸದ ಕುರುಹುಗಳೇ.

ಮುಧೋಳ ಮತ್ತು ಪಶ್ಮಿ

ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿದ್ದರಿಂದ ಅದಕ್ಕೆ ಊರಿನ ಹೆಸರು ಬಂತು. ರಾಜಾ ಮಾಲೋಜಿರಾವ್ ಘೋರ್ಪಡೆ ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಈ ನಾಯಿಗಳ ಜೋಡಿಯನ್ನು ಕಾಣಿಕೆಯಾಗಿ ನೀಡಿದ್ದರು. ಮಧ್ಯ ಹಾಗೂ ಪಶ್ಚಿಮ ಏಷ್ಯಾದಿಂದ ದಖ್ಖನ್ನಿಗೆ ಬಂದ ವರ್ತಕರು ಮತ್ತು ಸೈನಿಕರ ತಂಡಗಳೊಂದಿಗೆ ಇದರ ಪೂರ್ವಜರು ಬಂದಿರಬೇಕೆಂಬ ನಂಬಿಕೆಯಿದೆ. ‘ಕಾರವಾನ್’ ಎಂಬ ಇನ್ನೊಂದು ಹೆಸರು ಅದನ್ನೇ ನೆನಪಿಸುತ್ತದೆ. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕಾರವಾನ್ ಹೌಂಡ್ ಎಂದೇ ದಾಖಲಿಸುತ್ತದೆ.

ಗಂಡುನಾಯಿ ಭುಜದ ಬಳಿ ಸುಮಾರು 70 ಸೆಂ.ಮೀ. ಎತ್ತರವಿರುತ್ತದೆ, ಹೆಣ್ಣು ತುಸು ಗಿಡ್ಡ. ಮೈಮೇಲೆ ನಯವಾದ ಗಿಡ್ಡ ಕೂದಲು. ಕಿವಿ, ಬಾಲ, ಕಾಲುಗಳಲ್ಲಿ ರೇಷ್ಮೆಯಂತಹ ಉದ್ದ ಕೂದಲಿರುವ ಬಗೆಗೆ ‘ಪಶ್ಮಿ’ ಎಂಬ ಹೆಸರಿದೆ. ಮುಧೋಳ ನಾಯಿ ಒಡೆಯನಿಗೆ ನಿಷ್ಠ. ಅಪರಿಚಿತರು ಮೈಮುಟ್ಟುವುದನ್ನು ಸಹಿಸದು. ಹೊಡೆದು ಬಡಿದು ಕಲಿಸಹೊರಟರೆ ಅಂಜುಬುರುಕಾಗುತ್ತದೆ. ಓಡುವ ಪ್ರಾಣಿ ಒಮ್ಮೆ ಕಣ್ಣಿಗೆ ಬಿತ್ತೆಂದರೆ ಒಡೆಯನ ಕೂಗು, ಸಿಳ್ಳೆ ಯಾವುದೂ ಅದಕ್ಕೆ ಕೇಳಿಸದು. ಇದೇ ಅದರ ದೊಡ್ಡ ಗುಣ, ಇಂದಿನ ದಿನಗಳಲ್ಲಿ ದೊಡ್ಡ ತೊಡಕೂ ಹೌದು.

ಹೊರ ರಾಜ್ಯಗಳ ತಳಿಗಳು

ಉತ್ತರ ಪ್ರದೇಶದ ರಾಂಪುರ ಹೌಂಡ್ ನವಾಬರ ಆಶ್ರಯದಲ್ಲಿ ಬೆಳೆದ, ನರಿ ಬೇಟೆಗೆ ಹೆಸರಾದ ನಾಯಿ. ತಮಿಳುನಾಡಿನ ಚಿಪ್ಪಿಪಾರೈ, ಕನ್ನಿ ತಳಿಗಳು ಮುಧೋಳದಂತೆಯೇ ಸಪೂರ ಓಟಗಾರರು. ಬಿಳಿ ಮೈ, ನಸುಗೆಂಪು ಮೂಗಿನ ರಾಜಪಾಳಯಂ ಹಾಗೂ ಬಲವಾದ ದವಡೆಯ ಕೊಂಬೈ ನಾಯಿಗಳನ್ನು ಕಾಡುಹಂದಿಯನ್ನು ಎದುರಿಸಲು ಬಳಸುತ್ತಿದ್ದರು. ಅಂಚೆ ಇಲಾಖೆ 2005ರ ಜನವರಿಯಲ್ಲಿ ಮುಧೋಳ, ರಾಂಪುರ, ರಾಜಪಾಳಯಂ ಮತ್ತು ಹಿಮಾಲಯದ ಕುರಿನಾಯಿಯ ಅಂಚೆಚೀಟಿಗಳನ್ನು ಹೊರತಂದಿತು.

ಅಟ್ಟಿಸುವುದೂ ಬೇಟೆಯೇ

ಕರ್ನಾಟಕದ ಹಲವೆಡೆ ಯುಗಾದಿಯ ಆಸುಪಾಸಿನಲ್ಲಿ ಮೊಲದ ಬೇಟೆಗೆ ಹೋಗುವ ರೂಢಿಯಿತ್ತು. ಅದು ಇನ್ನೂ ಪೂರ್ತಿ ನಿಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಪ್ರಾಣಿಯನ್ನು ಕೊಲ್ಲುವುದಷ್ಟೇ ಬೇಟೆಯಲ್ಲ. ನಾಯಿ ಬಿಟ್ಟು ಅಟ್ಟಿಸುವುದು, ಬಲೆ ಒಡ್ಡುವುದು, ಅಂತಹ ಪ್ರಯತ್ನ ಮಾಡುವುದು ಸಹ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ಮೊಲ ತಪ್ಪಿಸಿಕೊಂಡಿತು ಎಂಬ ಸಮಜಾಯಿಷಿ ರಕ್ಷಣೆ ನೀಡದು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ದಂಡದ ಮೊತ್ತವನ್ನು ಏರಿಸಿದೆ. ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಕೃಷ್ಣಮೃಗ, ತೋಳಗಳಂತಹ ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಶಿಕ್ಷೆ 3ರಿಂದ 7 ವರ್ಷ, ದಂಡ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲ. ಬೆಳೆ ಮೇಯ್ದುಹೋದ ರೈತನ ಸಂಕಟ ನಿಜವಾದುದೇ. ಆದರೆ ಅದಕ್ಕೆ ದಾರಿ ನಾಯಿಯನ್ನು ಛೂ ಬಿಡುವುದಲ್ಲ. ಹಾನಿಯ ವಿವರದೊಂದಿಗೆ ಅರಣ್ಯ ಇಲಾಖೆಗೆ ಪರಿಹಾರ ಕೋರಿ ಅರ್ಜಿ ಸಲ್ಲಿಸುವುದು.

ಹೊಸ ಕೆಲಸ

ಬೇಟೆ ನಿಂತರೂ ತಳಿಗೆ ಕೆಲಸ ತಪ್ಪಿಲ್ಲ. ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವು ತಳಿಯ ಶುದ್ಧತೆ ಕಾಯುವ ಕಾರ್ಯ ನಡೆಸಿದೆ. 2016ರಲ್ಲಿ ಇಲ್ಲಿನ ಮರಿಗಳು ತರಬೇತಿಗಾಗಿ ಮೀರತ್‌ನಲ್ಲಿರುವ ಭೂಸೇನೆಯ ಕೇಂದ್ರಕ್ಕೆ ಹೋದವು.

ಹೊಲ, ತೋಟದ ಮನೆ ಮತ್ತು ಕುರಿಹಟ್ಟಿಯ ಕಾವಲಿಗೆ ಈ ನಾಯಿಯ ಚುರುಕು ಕಣ್ಣು ಉಪಯುಕ್ತ. ಆದರೆ ಕುರಿಗಳನ್ನು ಸುತ್ತುವರಿದು ನಡೆಸುವ ಗುಣ ಇದಕ್ಕೆ ಹುಟ್ಟಿನಿಂದ ಬಂದುದಲ್ಲ. ಮರಿಯಿದ್ದಾಗಲೇ ಕುರಿ, ಕೋಳಿಗಳ ನಡುವೆ ಬೆಳೆಸದಿದ್ದರೆ ಅವುಗಳನ್ನೇ ಬೇಟೆಯೆಂದು ಭಾವಿಸುವ ಅಪಾಯವಿದೆ.

ಸಾಕುವವರ ಗಮನಕ್ಕೆ

* ನಿತ್ಯ ಓಟ ಅಗತ್ಯ. ಬೇಲಿ ಇರುವ ಜಾಗದಲ್ಲಿ ಮಾತ್ರ ಬಿಡಬೇಕು. ತೆರೆದ ಬಯಲಿನಲ್ಲಿ ಹಗ್ಗ ಬಿಚ್ಚಬಾರದು.

* ಕಲಬುರಗಿಯ ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತಿನಲ್ಲೇ ಓಡಿಸಬೇಕು. ನಾಯಿ ಮೈಬಿಸಿಯನ್ನು ಮುಖ್ಯವಾಗಿ ತೇಕುವ ಮೂಲಕ ಇಳಿಸಿಕೊಳ್ಳುವುದರಿಂದ ಓಟದ ನಂತರ ನೆರಳು, ನೀರು ಬೇಕು.

* ಜಾಲಿಮುಳ್ಳು, ಕೊಯ್ದ ತೊಗರಿಯ ಕೂಳೆ ಪಾದಕ್ಕೆ ಚುಚ್ಚುತ್ತವೆ. ಪ್ರತಿದಿನ ಪಾದ ಪರೀಕ್ಷಿಸಬೇಕು.

* ಮೈಯಲ್ಲಿ ಕೊಬ್ಬು ಕಡಿಮೆ. ಪಕ್ಕೆಲುಬು ತುಸು ಕಾಣುವುದು ಸಹಜ, ಅದನ್ನು ಕಂಡು ಅತಿಯಾಗಿ ತಿನ್ನಿಸಬಾರದು. ಶಸ್ತ್ರಚಿಕಿತ್ಸೆಯ ಸಂದರ್ಭದಲ್ಲಿ ಅರಿವಳಿಕೆ ನೀಡುವ ಮುನ್ನ ಪಶುವೈದ್ಯರಿಗೆ ತಳಿಯನ್ನು ತಿಳಿಸಬೇಕು.

* ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ವೈದ್ಯರ ಸಲಹೆಯಂತೆ ಮುಂದುವರಿಸಬೇಕು. ಡಿಸ್ಟೆಂಪರ್ ಲಸಿಕೆಯೂ ಅವಶ್ಯ. ಈ ರೋಗ ಸಾಕುನಾಯಿಯಿಂದ ತೋಳ, ನರಿಗಳಿಗೂ ಹರಡಬಲ್ಲದು.

* ಮರಿ ಕೊಳ್ಳುವಾಗ ತಂದೆ ತಾಯಿ ಎರಡನ್ನೂ ನೋಡಬೇಕು. ಬೀದಿನಾಯಿಗಳೊಂದಿಗಿನ ಮಿಶ್ರಣದಿಂದ ತಳಿಯ ಗುಣ ಕೆಡುತ್ತದೆ.

ಸರಪಳಿಗೆ ಕಟ್ಟಿದ ಮುಧೋಳ ನಾಯಿ ಕೆಲವೇ ತಿಂಗಳಲ್ಲಿ ಸಿಡುಕುತನ ಕಲಿಯುತ್ತದೆ. ಹದ್ದುಮೀರಿ ಬಿಟ್ಟದ್ದು ಒಡೆಯನನ್ನು ನ್ಯಾಯಾಲಯಕ್ಕೆ ಎಳೆಯುತ್ತದೆ. ದಿನಕ್ಕೊಮ್ಮೆ ಓಡಿಸಲು ಸಮಯವಾಗಲಿ, ಬೇಲಿಯುಳ್ಳ ಜಾಗವಾಗಲಿ ಇಲ್ಲದವರು ಈ ತಳಿಯನ್ನು ತರದಿರುವುದೇ ಲೇಸು.